ಸಿನಿಮಾ ಮೆಚ್ಚಿದ ಒಂಬತ್ತು ವರ್ಷದ ಮಗಳಿಗೆ ‘ದಿ ಕಾಲ್ ಆಫ್ ದಿ ವೈಲ್ಡ್’ ಮೂಲ ಕಾದಂಬರಿಯನ್ನು ಈಗಲೇ ಓದಿಸಬಹುದೇ?

ಬೇಡ. ನನ್ನ ಅಕ್ಕನ ಮಗನೂ ಇದೇ ವಯಸ್ಸಿನಲ್ಲಿ 2020ರ ಆ ಚಿತ್ರವನ್ನು ನೋಡಿ ಬಕ್ ಎಂಬ ನಾಯಿಯ ಹುಚ್ಚು ಹಿಡಿಸಿಕೊಂಡಿದ್ದ. ಆ ಬಕ್ ಕಂಪ್ಯೂಟರಿನಲ್ಲಿ ಮೂಡಿದ್ದು, ಚಿತ್ರೀಕರಣದ ವೇಳೆ ಹ್ಯಾರಿಸನ್ ಫೋರ್ಡ್ ಎದುರು ಟೆರಿ ನೋಟರಿ ಎಂಬ ನಟ ನಾಯಿಯಂತೆ ಅಭಿನಯಿಸಿದ್ದ ಎಂದರೂ ಅವನು ನಂಬಲಿಲ್ಲ. ಅಷ್ಟು ಪ್ರೀತಿಯಿದ್ದವನಿಗೆ ನಾನು ಕಾದಂಬರಿಯನ್ನೇ ಕೊಡಿಸಿದೆ.

ಚಿತ್ರ ಮಕ್ಕಳದ್ದಾದ ಮೇಲೆ ಪುಸ್ತಕವೂ ಮಕ್ಕಳದ್ದೇ ಎಂದು ತಿಳಿದಿದ್ದೆ. ಅಂಗಡಿಯವರೂ ಅದನ್ನು ಮಕ್ಕಳ ಕಪಾಟಿನಲ್ಲೇ ಇಟ್ಟಿದ್ದರು. ಕಾಲೇಜಿನ ದಿನಗಳಲ್ಲಿ ಓದಿದ್ದೆನಾದರೂ ನನ್ನ ನೆನಪಿನಲ್ಲಿ ಉಳಿದಿದ್ದುದು ಬಕ್ ಸಾವಿರ ಪೌಂಡ್ ತೂಕದ, ಹಿಮದ ಮೇಲೆ ನಾಯಿಗಳು ಎಳೆಯುವ ಜಾರುಬಂಡಿಯನ್ನು ಎಳೆದು ಪಂದ್ಯ ಗೆಲ್ಲುವ ಭಾಗ ಮಾತ್ರ. ಕೊಡುವ ಮೊದಲು ಒಮ್ಮೆ ತಿರುವಿ ನೋಡಿದ್ದರೂ ಸಾಕಿತ್ತು, ಏಕೆಂದರೆ ಎರಡನೆಯ ಅಧ್ಯಾಯದ ಆರಂಭದಲ್ಲೇ ಸ್ನೇಹಕ್ಕೆಂದು ಹತ್ತಿರ ಹೋದ ಕರ್ಲಿ ಎಂಬ ಹೆಣ್ಣುನಾಯಿಯ ಮುಖವನ್ನು ಹಸ್ಕಿ ತಳಿಯ ಒಂದು ನಾಯಿ ಕಣ್ಣಿನಿಂದ ದವಡೆಯವರೆಗೆ ಸೀಳುತ್ತದೆ, ಸದ್ದಿಲ್ಲದೆ ಸುತ್ತುಗಟ್ಟಿದ ಉಳಿದ ನಾಯಿಗಳು ಅವಳು ಉರುಳುವುದನ್ನೇ ಕಾದು ಮೇಲೆರಗುತ್ತವೆ. ಹುಡುಗ ಪುಸ್ತಕವನ್ನು ಅಲ್ಲಿಗೇ ಮುಚ್ಚಿಟ್ಟ. ಇಂದಿಗೂ ನಾನು ಕೊಡುವ ಯಾವ ಪುಸ್ತಕವಾದರೂ ಅಕ್ಕ ಮೊದಲು ತಾನು ಓದಿದ ಮೇಲೆಯೇ ಅವನ ಕೈ ಸೇರುತ್ತದೆ.

ಚಿತ್ರವನ್ನು ಕಾದಂಬರಿಗೆ ಮೆಟ್ಟಿಲೆಂದು ನೀವು ಭಾವಿಸಿರುವುದೇ ನನಗೆ ಒಪ್ಪಿಗೆಯಿಲ್ಲ. 1903ರಲ್ಲಿ ಜ್ಯಾಕ್ ಲಂಡನ್ ಬರೆದ ಕಾದಂಬರಿಯಲ್ಲಿ ಬಂಡಿ ಎಳೆಯುವ ನಾಯಿಗಳ ಮುಂದಾಳು ಸ್ಪಿಟ್ಜ್ ಬಕ್‌ನೊಡನೆ ಕಾದಾಡಿ ಸಾಯುತ್ತದೆ. ಚಿತ್ರದಲ್ಲಿ ಸೋತು ಹೊರಟುಹೋಗುತ್ತದೆ. ಬಕ್‌ನ ಕೊನೆಯ ಯಜಮಾನ ಥಾರ್ನ್‌ಟನ್‌ನನ್ನು (ಚಿತ್ರದಲ್ಲಿ ಫೋರ್ಡ್ ಮಾಡಿದ ಪಾತ್ರ) ಕೊಲ್ಲುವ ಯೀಹಾಟ್ ಎಂಬ ಕಲ್ಪಿತ ಬುಡಕಟ್ಟನ್ನು ನಿರ್ದೇಶಕ ಕ್ರಿಸ್ ಸ್ಯಾಂಡರ್ಸ್ ಕೈಬಿಟ್ಟದ್ದು ಸರಿಯಾಯಿತು, ಆದರೆ ಆ ಕೊಲೆಯನ್ನು ಹ್ಯಾಲ್ ಎಂಬವನ ತಲೆಗೆ ಕಟ್ಟಿದ್ದು ಸರಿಯಾಗಲಿಲ್ಲ. ಚಿನ್ನದ ಆಸೆಗೆ ಕೆನಡಾದ ಯೂಕಾನ್‌ಗೆ ಬಂದ ಕಾದಂಬರಿಯ ಹ್ಯಾಲ್, ಯಾರ ಮಾತನ್ನೂ ಕೇಳದೆ ವಸಂತದಲ್ಲಿ ಮಂಜುಗಡ್ಡೆ ಕರಗುತ್ತಿರುವ ನದಿಯ ಮೇಲೆ ಬಂಡಿ ಹೊಡೆದು, ನಾಯಿಗಳ ಸಮೇತ ಮುಳುಗುತ್ತಾನೆ. ಅವನನ್ನು ಶಿಕ್ಷಿಸಲು ಅಲ್ಲಿ ನಾಯಕನ ಅಗತ್ಯವೇ ಬೀಳುವುದಿಲ್ಲ.

ಮಗಳು ಹೈಸ್ಕೂಲು ಸೇರುವವರೆಗೆ ಕಾಯಿರಿ. ಅಷ್ಟರಲ್ಲಿ ಹಟ ಹಿಡಿದರೆ ಆರನೆಯ ಅಧ್ಯಾಯವೊಂದನ್ನು ಮಾತ್ರ ನೀವೇ ಓದಿ ಹೇಳಿ; ಥಾರ್ನ್‌ಟನ್‌ನನ್ನು ಬಕ್ ಪ್ರವಾಹದಿಂದ ಪಾರುಮಾಡುವುದೂ ಆ ಜಾರುಬಂಡಿಯ ಪಂದ್ಯವೂ ಅದರಲ್ಲೇ ಬರುತ್ತವೆ. ಮಕ್ಕಳಿಗೆಂದು ರಕ್ತವನ್ನೆಲ್ಲ ತೊಳೆದು ಅಚ್ಚು ಹಾಕಿದ ಸಂಕ್ಷಿಪ್ತ ಆವೃತ್ತಿಗಳನ್ನಂತೂ ಕೊಳ್ಳಬೇಡಿ, ಆ ಕೆಲಸವನ್ನು ಸಿನಿಮಾ ಈಗಾಗಲೇ ಚೆನ್ನಾಗಿ ಮಾಡಿದೆ.