ಓನರ್ ಇನ್ಶೂರೆನ್ಸ್ ಇದ್ದರೆ ಬಾಡಿಗೆಯವರಿಗೇನು?

ಪ್ರಶ್ನೆ: ಬೆಂಗಳೂರಿನ ಹೊರಮಾವು ಕಡೆ ಗ್ರೌಂಡ್ ಫ್ಲೋರ್‌ನಲ್ಲಿ ಬಾಡಿಗೆಗಿದ್ದೇವೆ. ಜೋರು ಮಳೆ ಬಂದರೆ ರಾಜಕಾಲುವೆ ನೀರು ಮನೆಗೇ ನುಗ್ಗುತ್ತೆ. 'ಮನೆಗೆ ಇನ್ಶೂರೆನ್ಸ್ ಇದೆಯಲ್ಲಮ್ಮ' ಅಂತಾರೆ ಓನರ್. ಫ್ರಿಜ್, ವಾಷಿಂಗ್ ಮಷೀನ್, ಒಡವೆ, ನಮ್ಮವರ ಬೈಕು ಎಲ್ಲ ಅದರಲ್ಲೇ ಬರುತ್ತಾ?

ಉತ್ತರ: ಬರಲ್ಲ. ಓನರ್ ಪಾಲಿಸಿ ಓನರ್ ಆಸ್ತಿಗೆ ಅಷ್ಟೇ. ಹೋಮ್ ಲೋನ್ ಕೊಡುವಾಗ ಬ್ಯಾಂಕಿನವರೇ ಮಾಡಿಸಿದ್ದೂ ಇರಬಹುದು. ಗೋಡೆ, ನೆಲ, ಅವರು ಹಾಕಿಸಿದ ವಾರ್ಡ್‌ರೋಬ್ ಅವರದು. ನಿಮ್ಮ ಫ್ರಿಜ್ಜಿಗೆ ಅದರಿಂದ ಒಂದು ಪೈಸೆಯೂ ಹುಟ್ಟುವುದಿಲ್ಲ.

ಬಾಡಿಗೆಯವರು ಮನೆ ಸಾಮಾನಿಗೆ ಮಾತ್ರ ಪಾಲಿಸಿ ಮಾಡಿಸಬಹುದು. 2021ರ ಏಪ್ರಿಲ್‌ನಿಂದ 'ಭಾರತ್ ಗೃಹ ರಕ್ಷಾ' ಅಂತ ಸ್ಟ್ಯಾಂಡರ್ಡ್ ಪಾಲಿಸಿ ಇದೆ, ಯಾವ ಕಂಪನಿಗೆ ಹೋದರೂ ಮೂಲ ಷರತ್ತು ಒಂದೇ, ಪ್ರೀಮಿಯಂ ಮಾತ್ರ ಬೇರೆ. ಬೆಂಕಿ, ಸಿಡಿಲು, ಭೂಕಂಪ, ಪ್ರವಾಹ, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆಯುವುದು ಇವೆಲ್ಲ ಅದರಲ್ಲಿವೆ. ಆದರೆ ನೀರು ಬಂದ ಮೇಲೆ ಓಡಿಹೋಗಿ ಮಾಡಿಸಿದರೆ ಆ ಸಲದ್ದಕ್ಕೆ ಸಿಗಲ್ಲ. ಮಳೆಗಾಲಕ್ಕೆ ಮುಂಚೆಯೇ ಮಾಡಿಸಿ. ಗೋಡೆ ನಿಧಾನಕ್ಕೆ ತೇವ ಹಿಡಿದು ಮಂಚ ಹಾಳಾಯಿತು ಅಂದರೂ ಕೊಡುವುದಿಲ್ಲ.

ಜನ ಜಾಸ್ತಿ ಮೋಸಹೋಗುವುದು ಕಳ್ಳತನದ ವಿಷಯದಲ್ಲಿ. ಪ್ರವಾಹವೋ ಬೆಂಕಿಯೋ ಆಗಿ, ಅದರಿಂದಾಗಿಯೇ 7 ದಿನದೊಳಗೆ ಕಳ್ಳತನವಾದರೆ ಮಾತ್ರ ಮೂಲ ಪಾಲಿಸಿಯಲ್ಲಿ ಬರುತ್ತದೆ. ಊರಿಗೆ ಹೋಗಿದ್ದಾಗ ಬೀಗ ಒಡೆದರು ಅಂದರೆ, ಕನ್ನಗಳವಿನ ಕವರ್ ಬೇರೆ ತಗೊಂಡಿರಬೇಕು. ಏಜೆಂಟರು 'ಎಲ್ಲಾ ಇದೆ ಮೇಡಂ' ಅಂತಾರೆ, ನಂಬಬೇಡಿ, ಪಾಲಿಸಿ ಕಾಗದದಲ್ಲಿ ಎಲ್ಲಿದೆ ತೋರಿಸಿ ಅನ್ನಿ. ಒಡವೆಗೂ ಬೇರೆ ಕವರ್ ಬೇಕು. ಬೈಕಿಗೂ ಇದಕ್ಕೂ ಸಂಬಂಧವೇ ಇಲ್ಲ. ಅದು ವಾಹನ ವಿಮೆ, ಅದರಲ್ಲೂ ಬರೀ ಥರ್ಡ್ ಪಾರ್ಟಿ (ನಮ್ಮಿಂದ ಬೇರೆಯವರಿಗಾದ ನಷ್ಟಕ್ಕೆ ಮಾತ್ರ) ಇದ್ದರೆ ಮುಳುಗಿದ ಬೈಕಿಗೆ ಏನೂ ಸಿಗಲ್ಲ.

ಇವತ್ತೇ ಒಂದು ಕೆಲಸ ಮಾಡಿ. ಮೊಬೈಲಲ್ಲಿ ಮನೆಯೆಲ್ಲ ಸುತ್ತಿ ವಿಡಿಯೋ ತೆಗೆಯಿರಿ, ಫ್ರಿಜ್ ಹಿಂದಿನ ಸೀರಿಯಲ್ ನಂಬರ್ ಕಾಣಿಸಲಿ, ಬಿಲ್ಲುಗಳ ಫೋಟೋ ಇಮೇಲ್‌ನಲ್ಲಿ ಹಾಕಿಡಿ, ಯಾಕಂದರೆ ಕಾಗದವೂ ನೀರಿಗೇ ಹೋಗುತ್ತದೆ, ಅಲ್ವಾ? ನೀರು ನುಗ್ಗಿದರೆ ತಕ್ಷಣ ಕಂಪನಿಗೆ ತಿಳಿಸಿ. ನಷ್ಟ ಎಷ್ಟು ಅಂತ ಅಂದಾಜು ಮಾಡುವ ಸರ್ವೇಯರ್ ನೋಡುವ ಮುಂಚೆ ಕೆಟ್ಟ ಮಷೀನನ್ನು ಗುಜರಿಗೆ ಹಾಕಬೇಡಿ. ಕ್ಲೇಮ್ ತಳ್ಳಿಹಾಕಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲ ಅನಿಸಿದರೆ, ಜೆ.ಪಿ. ನಗರದಲ್ಲಿ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆ ದೂರುಗಳನ್ನು ಕೇಳಿ ತೀರ್ಮಾನಿಸುವ ಅಧಿಕಾರಿಯ ಕಚೇರಿ ಇದೆ. ಫೀಸೂ ಇಲ್ಲ, ವಕೀಲರೂ ಬೇಡ.