ಚಕ್ರ ಇದ್ರೂ ಜಾಗಕ್ಕೆ ಲೈಸೆನ್ಸ್ ಬೇಕು

ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆಯ ಓದುಗರೊಬ್ಬರ ಪತ್ರ: "ತೋಟದ ಬದಿಯಲ್ಲಿ ಒಂದು ಎಕ್ರೆ ಖಾಲಿ ಬಿದ್ದಿದೆ. ಮೇಲೆ ಗುಡ್ಡೆ, ಕೆಳಗೆ ಹಿಂದೆ ಗದ್ದೆ ಮಾಡುತ್ತಿದ್ದ ಜಾಗ. ಅಲ್ಲಿ ಐದು ಕಾರವಾನ್ (ಒಳಗೇ ಉಳಿಯಬಹುದಾದ ಗಾಡಿ) ನಿಲ್ಲಿಸಿ ಪ್ರವಾಸಿಗಳಿಗೆ ಕೊಡೋಣ ಅಂತಿದ್ದೇನೆ. ಕಟ್ಟಡ ಕಟ್ಟುವುದಿಲ್ಲ, ಚಕ್ರದ ಗಾಡಿ. ಇದಕ್ಕೂ ಪಂಚಾಯತ್ ಲೈಸೆನ್ಸ್ ಬೇಕಾ?"

ಬೇಕು. ಗಾಡಿ ಇವತ್ತು ಬಂದು ನಾಳೆ ಹೋದೀತು, ಅದರ ಕೊಳೆನೀರು ನಿಮ್ಮ ಮಣ್ಣಲ್ಲೇ ಉಳಿಯುತ್ತದೆ. ಬ್ರಿಟನ್ನಿನಲ್ಲಿ ಕಾರವಾನ್ ಜಾಗಗಳಿಗೆಂದೇ 1960ರಲ್ಲಿ ಕಾಯ್ದೆ ಬಂತು. ಅಲ್ಲೂ ಮೊದಲು ಜಾಗದ ಬಳಕೆಗೆ ಅನುಮತಿ, ಅದು ಸಿಕ್ಕಿದ ಮೇಲೆ ಲೈಸೆನ್ಸ್. ಚಕ್ರ ಇದೆ ಅಂತ ವಿನಾಯಿತಿ ಇಲ್ಲ.

ಕೇರಳದ ಕಾರವಾನ್ ನೀತಿ ಬಂದದ್ದು 2021ರಲ್ಲಿ. ಕಾರವಾನ್ ಪಾರ್ಕಿಗೆ ಕನಿಷ್ಠ 50 ಸೆಂಟ್ಸ್ (ಅರ್ಧ ಎಕ್ರೆ) ಜಾಗ, ಐದು ಗಾಡಿ ನಿಲ್ಲುವಷ್ಟು ವ್ಯವಸ್ಥೆ ಬೇಕು. ಅಳತೆಯಲ್ಲಿ ನಿಮಗೆ ತೊಂದರೆ ಇಲ್ಲ. ಶೌಚಾಲಯ, ಅಡುಗೆಕೋಣೆ ಕಟ್ಟಿದರೆ 2019ರ ಪಂಚಾಯತ್ ಕಟ್ಟಡ ನಿಯಮದ ಪ್ರಕಾರ ಪರ್ಮಿಟ್ ಬೇಕು.

ನನಗೆ ಹೆದರಿಕೆ ಇರುವುದು ಆ ಕೆಳಗಿನ ಗದ್ದೆಯ ಬಗ್ಗೆ. ಬೇಸಾಯ ಬಿಟ್ಟು ಎಷ್ಟು ವರ್ಷ ಆದರೂ ವಿಲೇಜ್ ಆಫೀಸಿನ ರಿಜಿಸ್ಟರಿನಲ್ಲಿ ಅದು ಇನ್ನೂ ನಂಜ, ಅಂದರೆ ಗದ್ದೆ ಜಮೀನು, ಅಂತಲೇ ಇರಬಹುದು. ಹಾಗಿದ್ದರೆ 2008ರ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಒಂದು ಲೋಡು ಮಣ್ಣು ಹಾಕುವ ಮೊದಲು ಕೃಷಿಭವನಕ್ಕೆ (ಪಂಚಾಯತಿನ ಕೃಷಿ ಕಚೇರಿ) ಹೋಗಿ, ನಿಮ್ಮ ಸರ್ವೆ ನಂಬರ್ ಡೇಟಾ ಬ್ಯಾಂಕಿನಲ್ಲಿ, ಅಂದರೆ ಆ ಕಾಯ್ದೆಯಡಿ ಮಾಡಿದ ಗದ್ದೆಗಳ ಪಟ್ಟಿಯಲ್ಲಿ, ಇದೆಯಾ ನೋಡಿ. ತಪ್ಪಿ ಸೇರಿದ್ದರೆ ತೆಗೆಸಲು ಆರ್‌ಡಿಒಗೆ (ಕಂದಾಯ ವಿಭಾಗಾಧಿಕಾರಿ) ಅಥವಾ ಆ ಅಧಿಕಾರ ಇರುವ ಡೆಪ್ಯುಟಿ ಕಲೆಕ್ಟರಿಗೆ ಫಾರ್ಮ್ 5ರಲ್ಲಿ ಅರ್ಜಿ ಹಾಕಬೇಕು. ನಿಜವಾಗಿ ನೀರು ನಿಲ್ಲುವ ಗದ್ದೆಯೇ ಆಗಿದ್ದರೆ ದಯವಿಟ್ಟು ಬಿಟ್ಟುಬಿಡಿ, ಗುಡ್ಡೆಯಲ್ಲಿ ಮಾತ್ರ ಮಾಡಿ.

ಗುಡ್ಡೆಯಲ್ಲೂ ಒಂದು ವಿಷಯ ಇದೆ. ನಿಮ್ಮ ಕಡೆ ನೀರಿಗೆಂದು ಗುಡ್ಡೆಗೆ ಅಡ್ಡಕ್ಕೆ ಕೊರೆದ ಸುರಂಗಗಳು ಜಾಸ್ತಿ, ಅಲ್ವಾ? ಕುಡಿಯುವ ನೀರಿನ ಬಾವಿಯಿಂದ 7.5 ಮೀಟರ್ ಒಳಗೆ ಕೊಳೆನೀರಿನ ಇಂಗುಗುಂಡಿ ಮಾಡಬಾರದು ಅಂತ ನಿಯಮ. ಬಾವಿಗೆ ಅಳೆಯುವುದು ಸುಲಭ. ಸುರಂಗ ಹಾಗಲ್ಲ. ಅದರ ಬಾಯಿ ತೋಟದಲ್ಲಿ, ಹೊಟ್ಟೆ ಗುಡ್ಡೆಯೊಳಗೆ. ನಮ್ಮ ಮನೆಯ ಸುರಂಗದಲ್ಲಿ ಬೇಸಿಗೆಗೆ ಬೆರಳಿನಷ್ಟು ದಪ್ಪದ ನೀರು ಅಡಿಕೆ ದಂಬೆಯಲ್ಲಿ (ಅಡಿಕೆ ಮರ ಸೀಳಿ ಮಾಡಿದ ದೋಣಿ) ಹರಿದು ಕೆರೆಗೆ ಬೀಳುತ್ತಿತ್ತು. ಅಷ್ಟರಲ್ಲೇ ಮನೆಗೂ ಆಗಬೇಕು, ಸಸಿಗೂ ಆಗಬೇಕು. ಆ ನೀರು ಬರುತ್ತಿದ್ದದ್ದು ಮೇಲಿನ ಮುರಕಲ್ಲಿನ (ಜಂಬಿಟ್ಟಿಗೆ) ತೂತುಗಳಿಂದ ಒಸರಿ. ಮೇಲೆ ಗುಂಡಿ ತೋಡಿದರೆ ಅದರ ಕೊಳೆಯೂ ಅದೇ ದಾರಿ ಹಿಡಿದೀತು. ಹಾಗಾಗಿ ಬಾಯಿಂದ ಅಳೆಯಬೇಡಿ. ನಿಮ್ಮದು, ನೆರೆಯವರದ್ದು, ಎಲ್ಲ ಸುರಂಗ ಒಳಗೆ ಎಷ್ಟು ಕೋಲು (ಉದ್ದದ ಅಳತೆ), ಯಾವ ದಿಕ್ಕಿಗೆ ಹೋಗಿದೆ ಅಂತ ಹಿರಿಯರನ್ನು ಕೇಳಿ ನಕ್ಷೆಯಲ್ಲಿ ಗೆರೆ ಎಳೆಯಿರಿ. ಯಾವ ಫಾರ್ಮಿನಲ್ಲೂ ಇದನ್ನು ಕೇಳಲಿಕ್ಕಿಲ್ಲ, ಆದರೂ ಮಾಡಿ. ಕೊಳೆನೀರನ್ನು ಮುಚ್ಚಿದ ಟ್ಯಾಂಕಿನಲ್ಲಿ ತುಂಬಿಸಿ ಸಾಗಿಸುವುದೇ ನನ್ನ ಪ್ರಕಾರ ಒಳ್ಳೆಯದು, ಖರ್ಚು ಜಾಸ್ತಿ ಆದರೂ.

ಅರ್ಜಿಯ ಜೊತೆಗಿನ ಪತ್ರವನ್ನು ಕನ್ನಡದಲ್ಲೇ ಬರೆಯಿರಿ. ಕಾಸರಗೋಡಿನ ಕನ್ನಡಿಗರಿಗೆ 1969ರ ಕೇರಳ ಭಾಷಾ ಕಾಯ್ದೆಯಲ್ಲಿ ಆ ಹಕ್ಕಿದೆ. ಸ್ವೀಕೃತಿ ರಶೀದಿ ತೆಗೆದುಕೊಳ್ಳದೆ ಆಫೀಸಿನಿಂದ ಹೊರಗೆ ಬರಬೇಡಿ. ನಕ್ಷೆ ತಯಾರಾದ ಮೇಲೆ ನಮಗೂ ಒಂದು ಪ್ರತಿ ಕಳಿಸಿ, ನೋಡಬೇಕು ಅಂತ ಆಸೆ ಇದೆ.

— ಸಂಪಾದಕ