ಸಣ್ಣ ತೊಟ್ಟಿಗೆ ಯಾವ ಸಿಕ್ಲಿಡ್?

ಪ್ರಶ್ನೆ: ನಮ್ಮ ಮನೆಯಲ್ಲಿ 75 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ ಮತ್ತು 40 ಸೆಂ.ಮೀ. ಎತ್ತರದ ಗಾಜಿನ ತೊಟ್ಟಿಯಿದೆ. ನೀರಿನ ಪಿಎಚ್ (ಆಮ್ಲೀಯತೆ-ಕ್ಷಾರೀಯತೆಯ ಅಳತೆ) 7.4, ಗಡಸುತನ (ಕರಗಿದ ಲವಣಾಂಶ) ಮಧ್ಯಮ ಪ್ರಮಾಣದ್ದು. ಅದರಲ್ಲಿ ಒಂದು ಆಸ್ಕರ್ ಮರಿ, ಒಂದು ಜೋಡಿ ಏಂಜೆಲ್ ಮೀನು, ನಾಲ್ಕು ಹಳದಿ ಮಲಾವಿ ಸಿಕ್ಲಿಡ್ ಮತ್ತು ಒಂದು ಜೋಡಿ ರ‍್ಯಾಮ್ ಸಾಕುವ ಆಸೆಯಿದೆ. ಎಲ್ಲವೂ ಒಂದೇ ಮೀನು ಕುಟುಂಬದ ಸಿಕ್ಲಿಡ್‌ಗಳೇ ಆದ್ದರಿಂದ ಹೊಂದಿಕೊಂಡು ಬಾಳುತ್ತವೆಯೇ?

ಉತ್ತರ: ದಯವಿಟ್ಟು ಈ ನಾಲ್ಕನ್ನೂ ಒಟ್ಟಿಗೆ ಬಿಡಬೇಡಿ. ಒಂದೇ ಕುಟುಂಬಕ್ಕೆ ಸೇರಿದವು ಎಂಬುದು ಸಿಕ್ಲಿಡ್‌ಗಳಲ್ಲಿ ಸಾಮರಸ್ಯಕ್ಕಿಂತ ಹೆಚ್ಚಾಗಿ ಪೈಪೋಟಿಗೇ ಕಾರಣವಾಗುತ್ತದೆ, ಏಕೆಂದರೆ ಇವುಗಳಲ್ಲಿ ಹೆಚ್ಚಿನವು ನೆಲದ ಮೇಲೆ ತಮ್ಮದೆಂದು ಒಂದು ಜಾಗವನ್ನು ಗುರುತಿಸಿಕೊಂಡು, ಅಲ್ಲಿ ಮೊಟ್ಟೆಯಿಟ್ಟು, ಮರಿಗಳನ್ನು ಕಾಯುವ ಮೀನುಗಳು. ನಿಮ್ಮ ತೊಟ್ಟಿ ಹಿಡಿಯುವ ಸುಮಾರು 80 ಲೀಟರ್ ನೀರಿಗಿಂತಲೂ ಅದರ ತಳದ ವಿಸ್ತೀರ್ಣವೇ ಇಲ್ಲಿ ಮುಖ್ಯವಾದ ಲೆಕ್ಕ. ಆ ತಳದಲ್ಲಿ ಸಿಕ್ಲಿಡ್‌ಗಳ ಒಂದು ಜೋಡಿಗೆ ಮಾತ್ರ ನೆಮ್ಮದಿಯ ನೆಲೆ ಸಿಗುತ್ತದೆ.

ಅಮೆಜಾನ್ ಪ್ರದೇಶದ ಆಸ್ಕರ್ ಬೆಳೆದಾಗ 30 ಸೆಂ.ಮೀ. ಮುಟ್ಟುತ್ತದೆ, ಅಂದರೆ ನಿಮ್ಮ ತೊಟ್ಟಿಯ ಅಗಲದಷ್ಟೇ ಉದ್ದವಾಗಿ ಸರಾಗವಾಗಿ ತಿರುಗಲೂ ಆಗದ ಸ್ಥಿತಿ ಬರುತ್ತದೆ. ಬಾಯಿಗೆ ಹಿಡಿಸುವ ಮೀನನ್ನೆಲ್ಲ ಅದು ನುಂಗುತ್ತದೆ ಕೂಡ. ಏಂಜೆಲ್ ಮೀನು ರೆಕ್ಕೆಗಳನ್ನೂ ಸೇರಿಸಿ 20 ಸೆಂ.ಮೀ.ಗಿಂತ ಎತ್ತರ ಬೆಳೆಯಬಲ್ಲದು, ಮತ್ತು ಮೊಟ್ಟೆಯಿಟ್ಟ ಜೋಡಿ ಇಷ್ಟು ಚಿಕ್ಕ ತೊಟ್ಟಿಯಲ್ಲಿ ಉಳಿದವರನ್ನು ಮೂಲೆಗೆ ಅಟ್ಟಿಬಿಡುತ್ತದೆ. ಮಲಾವಿ ಸರೋವರದ ಹಳದಿ ಮೀನಿಗೆ ಗಡಸಾದ, ಕ್ಷಾರೀಯ ನೀರು ಬೇಕು. ರ‍್ಯಾಮ್‌ಗೆ ಮೆದುವಾದ, ತುಸು ಆಮ್ಲೀಯವಾದ, 27ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿನ ನೀರು ಬೇಕು. ಈ ಎರಡರ ನಡುವೆ ರಾಜಿ ಮಾಡಹೊರಟರೆ ಎರಡಕ್ಕೂ ಹಿತವಾಗದ ನೀರು ಉಳಿಯುತ್ತದೆ.

ನೀರನ್ನು ಮೀನಿಗೆ ತಕ್ಕಂತೆ ಪ್ರತಿವಾರ ತಿದ್ದುವುದಕ್ಕಿಂತ ಇರುವ ನೀರಿಗೆ ಒಗ್ಗುವ ಮೀನನ್ನು ಆರಿಸುವುದೇ ಒಳ್ಳೆಯದೆಂಬುದು ನನ್ನ ದೃಢವಾದ ಅಭಿಪ್ರಾಯ. ನಿಮ್ಮ ನೀರಿಗೆ ನಾನು ಮೊದಲು ಸೂಚಿಸುವುದು ಪಶ್ಚಿಮ ಆಫ್ರಿಕಾದ ಕ್ರಿಬೆನ್ಸಿಸ್ ಜೋಡಿಯನ್ನು. ಗಂಡು ಸುಮಾರು 10 ಸೆಂ.ಮೀ. ಬೆಳೆಯುತ್ತದೆ, ಹೆಣ್ಣು ಅದಕ್ಕಿಂತ ಚಿಕ್ಕದು, ಆದರೆ ಮೊಟ್ಟೆಯಿಡುವ ಕಾಲಕ್ಕೆ ಅದರ ದುಂಡು ಹೊಟ್ಟೆ ನೇರಳೆಗೆಂಪಿಗೆ ತಿರುಗಿ, ಗಂಡಿಗಿಂತಲೂ ಸೊಗಸಾಗಿ ಕಾಣುತ್ತದೆ. ಗುಹೆಯೊಳಗೆ ಮೊಟ್ಟೆಯಿಡುವ ಈ ಮೀನಿಗೆ ಅಂಚು ಒಡೆದ ಒಂದೆರಡು ಮಣ್ಣಿನ ಕುಂಡಗಳನ್ನು ಮಗುಚಿಟ್ಟರೆ ಸಾಕು, ಆದರೆ ಒಡೆದ ಅಂಚನ್ನು ಉಜ್ಜಿ ನಯಗೊಳಿಸಿರಬೇಕು. ತಳಕ್ಕೆ ನುಣುಪಾದ ಮರಳು, ಹಿಂಬದಿಗೆ ದಟ್ಟವಾದ ಗಿಡಗಳು, 25 ಡಿಗ್ರಿ ಆಸುಪಾಸಿನ ಉಷ್ಣತೆ, ಇಷ್ಟಿದ್ದರೆ ಅವು ಮರಿಗಳ ಗುಂಪನ್ನು ನಡೆಸಿಕೊಂಡು ತಿರುಗುವುದನ್ನು ನೀವು ನೋಡಬಹುದು, ಮತ್ತು ಅದಕ್ಕಿಂತ ಸಂತೋಷ ಕೊಡುವ ದೃಶ್ಯ ಮನೆಯ ಅಕ್ವೇರಿಯಂನಲ್ಲಿ ಬೇರೊಂದಿಲ್ಲ. ಇವುಗಳ ಮರಿಗಳಲ್ಲಿ ಗಂಡು ಹೆಣ್ಣಿನ ಪ್ರಮಾಣವೂ ಪಿಎಚ್‌ಗೆ ತಕ್ಕಂತೆ ಬದಲಾಗುತ್ತದೆ: ನೀರು ಹೆಚ್ಚು ಆಮ್ಲೀಯವಾದಷ್ಟೂ ಗಂಡುಗಳು ಹೆಚ್ಚುತ್ತವೆ.

ಜೊತೆಗಾರರನ್ನು ತೊಟ್ಟಿಯ ಮೇಲಿನ ಹಾಗೂ ನಡುವಿನ ಪದರಗಳಲ್ಲಿ ಈಜುವ ಮೀನುಗಳಿಂದಲೇ ಆರಿಸಿರಿ. ಎಂಟು ಲೆಮನ್ ಟೆಟ್ರಾಗಳು ಬಯಲಲ್ಲಿ ನಿರಾತಂಕವಾಗಿ ಓಡಾಡುತ್ತಿದ್ದರೆ ಅಪಾಯವಿಲ್ಲವೆಂದು ಅರಿತು ಸಿಕ್ಲಿಡ್‌ಗಳೂ ಧೈರ್ಯದಿಂದ ಹೊರಬರುತ್ತವೆ. ಕೋರಿಡೊರಾಸ್ ಸಾಧು ಮೀನು ಎಂದು ಅನೇಕರು ಸೇರಿಸುತ್ತಾರೆ. ತಳದಲ್ಲೇ ತಿರುಗುವ ಅದು ಮರಿಗಳಿರುವ ಕ್ರಿಬೆನ್ಸಿಸ್ ಜೋಡಿಯಿಂದ ಕಚ್ಚಿಸಿಕೊಳ್ಳುವುದು ಖಂಡಿತ ಎನ್ನಬಹುದಾದ್ದರಿಂದ ಈ ಅಳತೆಯ ತೊಟ್ಟಿಗೆ ಬೇಡ.

ಸರೋವರದ ಮೀನೇ ಬೇಕೆಂಬ ಮನಸ್ಸಿದ್ದರೆ ಟ್ಯಾಂಗನೀಕಾ ಸರೋವರದ ಮಲ್ಟಿಫ್ಯಾಸಿಯೇಟಸ್ ಸಾಕಬಹುದು. 5 ಸೆಂ.ಮೀ. ಮೀರದ ಈ ಪುಟ್ಟ ಸಿಕ್ಲಿಡ್ ಖಾಲಿ ಬಸವನಹುಳುವಿನ ಚಿಪ್ಪಿನಲ್ಲಿ ವಾಸಿಸುತ್ತದೆ, ಮತ್ತು ಒಂದು ಜೋಡಿಗೆ ಬದಲಾಗಿ ಇಡೀ ಬಳಗವೇ ಒಟ್ಟಿಗೆ ಬಾಳಬಲ್ಲದು. ಆಗ ತೊಟ್ಟಿ ಪೂರ್ತಿ ಅವುಗಳದ್ದೇ ಆಗಿರಬೇಕು, ಮರಳು 5 ಸೆಂ.ಮೀ. ದಪ್ಪವಿರಬೇಕು, ಮೀನಿಗೊಂದಕ್ಕಿಂತ ಹೆಚ್ಚು ಚಿಪ್ಪುಗಳಿರಬೇಕು; ಹವಳದ ಪುಡಿಯನ್ನು ಫಿಲ್ಟರಿನಲ್ಲಿಟ್ಟು ಪಿಎಚ್ ಅನ್ನು 8ರ ಆಸುಪಾಸಿಗೆ ಏರಿಸಬೇಕು.

ಯಾವುದನ್ನೇ ಆರಿಸಿದರೂ ಮೀನು ತರುವ ಮೊದಲು ಫಿಲ್ಟರಿನಲ್ಲಿ ಮೀನಿನ ತ್ಯಾಜ್ಯವನ್ನು ಒಡೆಯುವ ಬ್ಯಾಕ್ಟೀರಿಯಾ ಬೇರೂರಲು ನಾಲ್ಕರಿಂದ ಆರು ವಾರ ಕೊಟ್ಟು, ಮೀನಿಗೆ ವಿಷವಾದ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿದಿವೆಯೇ ಎಂದು ಪರೀಕ್ಷಿಸಿಕೊಳ್ಳಿ. ಕ್ರಿಬೆನ್ಸಿಸ್ ಆದರೆ ಟೆಟ್ರಾಗಳನ್ನು ಮೊದಲು ಬಿಟ್ಟು, ಅವು ಹೊಂದಿಕೊಂಡ ಎರಡು ವಾರಗಳ ನಂತರ, ಆಗಲೇ ಕೂಡಿಕೊಂಡಿರುವ ಜೋಡಿಯನ್ನು ತಂದು ಬಿಡಿ.